ಮಂದ್ರದಲ್ಲಿ ಹಾಡಿದ ಚಾರ್ಲಿ ಹೇಡನ್

1959ರ ಮೇ 22. ಹಾಲಿವುಡ್‌ನ ಒಂದು ಸ್ಟುಡಿಯೊದಲ್ಲಿ ನಾಲ್ವರು ‘ಲೋನ್ಲಿ ವುಮನ್’ ಎಂಬ ಕೃತಿಯನ್ನು ಧ್ವನಿಮುದ್ರಿಸುತ್ತಿದ್ದರು. ಬಿಲ್ಲಿ ಹಿಗಿನ್ಸ್ ಅವರ ಡ್ರಮ್ಸ್ ಅವಸರದ ಲಯದಲ್ಲಿ ಓಡುತ್ತಿತ್ತು. ಆರ್ನೆಟ್ ಕೋಲ್ಮನ್ ಅವರ ಸ್ಯಾಕ್ಸೊಫೋನ್ ಮತ್ತು ಡಾನ್ ಚೆರಿ ಅವರ ಕಾರ್ನೆಟ್ ಆ ಓಟಕ್ಕೆ ಕಿವಿಗೊಡದೆ, ಸಾವಿನ ಮನೆಯ ಹಾಡಿನಂತೆ ಒಂದೊಂದೇ ಸಾಲನ್ನು ಎಳೆದೆಳೆದು ನುಡಿಯುತ್ತಿದ್ದವು. ಓಡುವ ಲಯಕ್ಕೂ ಎಳೆಯುವ ಹಾಡಿಗೂ ಹೊಂದಿಕೆಯೇ ಇರಬಾರದಿತ್ತು. ಅವೆರಡನ್ನೂ ಹಿಡಿದು ನಿಲ್ಲಿಸಿದ್ದು 21 ವರ್ಷದ ಯುವಕನೊಬ್ಬನ ಡಬಲ್ ಬೇಸ್. ಆತ ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತಿದ್ದ. ಒಂದು ಕದಲದ ಸ್ವರ, ಇನ್ನೊಂದು ಅದರ ಪಕ್ಕದಲ್ಲೇ ಸಣ್ಣಗೆ ಚಲಿಸುವ ಸ್ವರ. ‘ದಿ ಶೇಪ್ ಆಫ್ ಜಾಝ್ ಟು ಕಮ್’ ಎಂಬ ಹೆಸರಿನಲ್ಲಿ ಬಂದ ಆ ಆಲ್ಬಂ ಜಾಝ್ ಸಂಗೀತದ ದಾರಿಯನ್ನೇ ತಿರುಗಿಸಿತು. ಕೋಲ್ಮನ್ ಅವರ ಹೆಸರು ಎಲ್ಲರಿಗೂ ಗೊತ್ತಾಯಿತು. ಆ ನೆಲವನ್ನು ಹಾಸಿಕೊಟ್ಟ ಚಾರ್ಲಿ ಹೇಡನ್ ಅವರನ್ನು ಗುರುತಿಸಲು ಲೋಕಕ್ಕೆ ಇನ್ನಷ್ಟು ಕಾಲ ಬೇಕಾಯಿತು.

ಹೇಡನ್ ಅವರನ್ನು ಕ್ರಾಂತಿಕಾರಿ ಎಂದು ಕರೆಯುವವರಿದ್ದಾರೆ. ಅದು ನಿಜ. ಆದರೆ ಆ ಕ್ರಾಂತಿಯ ಸಾಮಗ್ರಿ ಬಂದದ್ದು ಅಮೆರಿಕದ ಒಳನಾಡಿನ ಹಳ್ಳಿ ಹಾಡುಗಳಿಂದ. ಅವರ ಐವತ್ತು ವರ್ಷಗಳ ವಾದನವನ್ನು ಕೇಳುತ್ತ ಹೋದಷ್ಟೂ ನನಗೆ ಇದು ಖಚಿತವಾಗಿದೆ: ಅಮ್ಮನ ಮಡಿಲಲ್ಲಿ ಕೇಳಿದ ಹಾಡನ್ನು ಅವರು ಎಂದೂ ಬಿಡಲಿಲ್ಲ. ಬಿಡದೆ ಇದ್ದದ್ದರಿಂದಲೇ ಯಾರೂ ಹೋಗದ ಕಡೆಗೆ ಅಷ್ಟು ಧೈರ್ಯವಾಗಿ ನಡೆದು ಹೋದರು.

ಅವರು ಹುಟ್ಟಿದ್ದು 1937ರ ಆಗಸ್ಟ್ 6ರಂದು, ಅಯೋವಾ ರಾಜ್ಯದ ಶೆನಂಡೋವಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಕಾರ್ಲ್, ಅಮ್ಮ ವರ್ಜೀನಿಯಾ, ಅಣ್ಣಂದಿರು, ಅಕ್ಕ ಎಲ್ಲರೂ ಹಾಡುವವರೇ. ‘ಹೇಡನ್ ಫ್ಯಾಮಿಲಿ’ ಎಂಬ ಹೆಸರಿನಲ್ಲಿ ಇಡೀ ಸಂಸಾರ ರೇಡಿಯೊದಲ್ಲಿ ಹಾಡುತ್ತಿತ್ತು. ಮಲಗಿಸುವಾಗ ಅಮ್ಮ ಗುನುಗುತ್ತಿದ್ದ ಹಾಡಿಗೆ ಕಂಕುಳ ಕೂಸು ಬೇರೆಯದೇ, ಆದರೆ ಹೊಂದುವ ಸ್ವರವನ್ನು ಸೇರಿಸಿತಂತೆ. ಇನ್ನೂ ಎರಡು ತುಂಬಿರಲಿಲ್ಲ. ಆಗಲೇ ಆ ಮಗು ‘ಕೌಬಾಯ್ ಚಾರ್ಲಿ’ಯಾಗಿ ರೇಡಿಯೊದ ಮೈಕಿನ ಮುಂದೆ ನಿಂತಿತು. ಸಂಸಾರ ಮುಂದೆ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ಗೆ ಹೋಯಿತು. ಹಾಡಿಕೆ ನಿಲ್ಲಲಿಲ್ಲ. ಕಂಟ್ರಿ ಸಂಗೀತದ ಮೂಲಪುರುಷರೆನಿಸಿದ ಕಾರ್ಟರ್ ಕುಟುಂಬದವರ ಒಡನಾಟ ಆ ಮನೆಗಿತ್ತು. ಅಮ್ಮ ಮಗನನ್ನು ಕಪ್ಪು ಜನರ ಚರ್ಚಿಗೂ ಕರೆದೊಯ್ಯುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂತು ಅಲ್ಲಿನ ಹಾಡನ್ನು ಕೇಳಿ ಬರುತ್ತಿದ್ದರು. ವರ್ಣಭೇದ ಕಾನೂನಾಗಿದ್ದ ಕಾಲದಲ್ಲಿ, ಮಿಸೌರಿಯಂಥ ಕಡೆ, ಇದು ಸಣ್ಣ ಮಾತಲ್ಲ.

ಹದಿನೈದನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿತು. ಕೈಕಾಲು ಉಳಿದವು. ರೋಗ ಬಡಿದದ್ದು ಗಂಟಲಿನ ಮತ್ತು ಮುಖದ ನರಗಳಿಗೆ. ಹುಡುಗ ಗುಣವಾದ, ಆದರೆ ಮೊದಲಿನಂತೆ ಸ್ವರವನ್ನು ಹಿಡಿದು ಹಾಡುವುದು ಆಗಲಿಲ್ಲ. ಮನೆಯಲ್ಲಿ ಅಣ್ಣ ಜಿಮ್ ನುಡಿಸುತ್ತಿದ್ದ ಡಬಲ್ ಬೇಸ್ ಇತ್ತು. ಅಣ್ಣ ಇಲ್ಲದಾಗ ಅದನ್ನು ಮುಟ್ಟಿ ನೋಡುವ ಚಪಲ ಮೊದಲಿನಿಂದಲೂ ಇದ್ದದ್ದೇ. ಈಗ ಅದೇ ಆತನ ಗಂಟಲಾಯಿತು. ಒಮಾಹಾ ನಗರದ ಕಛೇರಿಯೊಂದರಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರನ್ನು ಕೇಳಿದ ಮೇಲೆ ಜಾಝ್ ಬಿಟ್ಟರೆ ಬೇರೇನೂ ಬೇಡವೆನಿಸಿತು.

ಓಬರ್ಲಿನ್ ಕಾಲೇಜು ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಿತ್ತು. ಹೇಡನ್ ಅದನ್ನು ಬಿಟ್ಟು, ಚಪ್ಪಲಿ ಅಂಗಡಿಯಲ್ಲಿ ದುಡಿದು, ಟಿ.ವಿ.ಯ ಕಂಟ್ರಿ ಸಂಗೀತ ಕಾರ್ಯಕ್ರಮದಲ್ಲಿ ಬೇಸ್ ನುಡಿಸಿ ಹಣ ಕೂಡಿಸಿ, 1957ರಲ್ಲಿ ಲಾಸ್ ಏಂಜಲೀಸ್‌ಗೆ ಹೊರಟರು. ಅಲ್ಲಿನ ವೆಸ್ಟ್‌ಲೇಕ್ ಎಂಬ ಸಂಗೀತ ಶಾಲೆಯಲ್ಲಿ ಜಾಝ್ ಕಲಿಸುತ್ತಿದ್ದರು. ಆದರೆ ನಿಜವಾದ ಪಾಠವಾದದ್ದು ರಾತ್ರಿಯ ಕ್ಲಬ್ಬುಗಳಲ್ಲಿ. ಹ್ಯಾಂಪ್ಟನ್ ಹಾಸ್, ಆರ್ಟ್ ಪೆಪ್ಪರ್, ಪಾಲ್ ಬ್ಲೇ ಅವರ ಜೊತೆ ನುಡಿಸುತ್ತ ಅವರು ಬೆಳೆದರು.

ಅಂಥದೊಂದು ರಾತ್ರಿ ಒಬ್ಬ ಅಪರಿಚಿತ ವೇದಿಕೆ ಹತ್ತಿ ಪ್ಲಾಸ್ಟಿಕ್ಕಿನ ಸ್ಯಾಕ್ಸೊಫೋನ್ ಊದಿದ. ಕ್ಷಣದಲ್ಲಿ ಅವನನ್ನು ಇಳಿಸಿಯೂ ಬಿಟ್ಟರು. ಹೇಡನ್ ಮಾತ್ರ ಬೆರಗಾಗಿ, ಅವನನ್ನು ಹುಡುಕಿಕೊಂಡು ಹಿಂಬಾಗಿಲಿನವರೆಗೆ ಓಡಿದರು. ಅಷ್ಟರಲ್ಲಿ ಆತ ಹೋಗಿಯಾಗಿತ್ತು. ಅದು ಆರ್ನೆಟ್ ಕೋಲ್ಮನ್. ಕೆಲವು ದಿನಗಳ ಬಳಿಕ ಡ್ರಮ್ಸ್ ವಾದಕ ಮಿತ್ರರೊಬ್ಬರು ಇಬ್ಬರನ್ನೂ ಪರಿಚಯ ಮಾಡಿಸಿದರು. ಕೋಲ್ಮನ್ ಅವರ ಕೋಣೆಯಲ್ಲಿ ನೆಲ, ಹಾಸಿಗೆ, ಕುರ್ಚಿ ಎಲ್ಲೆಲ್ಲೂ ಸ್ವರ ಬರೆದ ಹಾಳೆಗಳು. ಈ ರಾಗಕ್ಕೆ ನನಗೆ ಕೇಳಿಸಿದ ಕಾರ್ಡ್‌ಗಳು ಇವು, ಆದರೆ ಹಾಡು ಶುರುವಾದ ಮೇಲೆ ನಿನಗೆ ಕೇಳಿಸಿದ್ದನ್ನು ನೀನು ನುಡಿಸು ಎಂಬರ್ಥದ ಮಾತನ್ನು ಕೋಲ್ಮನ್ ಹೇಳಿದರಂತೆ. ಆ ದಿನ ಕೂತವರು ಮರುದಿನದವರೆಗೆ ನುಡಿಸಿದರೆಂದು ಹೇಡನ್ ನೆನೆಯುತ್ತಿದ್ದರು.

ಈ ಮಾತಿನ ತೂಕ ತಿಳಿಯಬೇಕಾದರೆ ಜಾಝ್‌ನಲ್ಲಿ ಬೇಸ್ ವಾದಕರ ಕೆಲಸವೇನು ಎಂಬುದನ್ನು ಸ್ವಲ್ಪ ನೋಡಬೇಕು. ಡಬಲ್ ಬೇಸ್ ಆಳೆತ್ತರದ ವಾದ್ಯ. ನಾಲ್ಕು ತಂತಿ. ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಮೊಬೈಲಿನ ಸಣ್ಣ ಸ್ಪೀಕರಿಗೆ ಅದರ ಮೂಲ ನಾದವೇ ನಿಲುಕುವುದಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ವಾದ್ಯಗೋಷ್ಠಿಯಲ್ಲಿ ಇದನ್ನು ಹೆಚ್ಚಾಗಿ ಕಮಾನಿನಿಂದ ನುಡಿಸುತ್ತಾರೆ, ಜಾಝ್‌ನಲ್ಲಿ ಬೆರಳಿನಿಂದ ಮೀಟುತ್ತಾರೆ. ಪ್ರತಿಯೊಂದು ಹಾಡಿಗೂ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಒಂದು ಸರಣಿ ಇರುತ್ತದೆ. ಅದು ತಿರುಗಿ ತಿರುಗಿ ಬರುತ್ತಿರುತ್ತದೆ. ನಾಲ್ಕು ಎಣಿಕೆಯ ಆವರ್ತದಲ್ಲಿ ಎಣಿಕೆಗೊಂದು ಸ್ವರದಂತೆ ಇಡುತ್ತ, ಈಗ ಯಾವ ಕಾರ್ಡ್ ನಡೆದಿದೆ, ಮುಂದೆ ಯಾವುದು ಬರಲಿದೆ ಎಂದು ಸಂಗಡಿಗರಿಗೆಲ್ಲ ತಿಳಿಸುತ್ತ ಹೋಗುವುದು ಬೇಸ್ ವಾದಕರ ಹೊಣೆ. 1959ರಲ್ಲೇ ಬಂದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಂನಲ್ಲಿ ಪಾಲ್ ಚೇಂಬರ್ಸ್ ಈ ನಡಿಗೆಯನ್ನು ಎಷ್ಟು ಚೆಂದವಾಗಿ ನಡೆದಿದ್ದಾರೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಕೋಲ್ಮನ್ ಆ ಸರಣಿಯನ್ನೇ ತೆಗೆದುಹಾಕಿದರು. ತಿರುಗಿ ಬರುವ ಕಾರ್ಡ್‌ಗಳಿಲ್ಲ. ಅವನ್ನು ನುಡಿಸಲು ಪಿಯಾನೊ ಕೂಡ ಇಲ್ಲ. ಮನೋಧರ್ಮ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗುವುದು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಲ್ಲಿರುವುದು. ಹಾಗಾದರೆ ಬೇಸ್ ವಾದಕರು ಏನನ್ನು ತಿಳಿಸಬೇಕು? ಹೇಡನ್ ಕಂಡುಕೊಂಡ ಉತ್ತರ ಸರಳ, ಆದರೆ ಆಚರಿಸಲು ಬಹಳ ಕಷ್ಟ. ಅವರು ಕೋಲ್ಮನ್ ಅವರನ್ನು ಕೇಳುತ್ತಲೇ ಇದ್ದರು. ಸ್ಯಾಕ್ಸೊಫೋನ್ ಯಾವ ಸ್ವರಕ್ಕೆ ಒರಗುತ್ತಿದೆ ಎಂದು ಅದು ಒರಗುವ ಮೊದಲೇ ಊಹಿಸಿ ಕೆಳಗಿನಿಂದ ಒಂದು ಆಧಾರ ಕೊಡುತ್ತಿದ್ದರು. ಕಾರ್ಡ್‌ಗಳ ಸರಣಿ ಮೊದಲೇ ಬರೆದಿಟ್ಟದ್ದಾಗಿರದೆ, ನುಡಿಸುತ್ತ ನುಡಿಸುತ್ತ ಇಬ್ಬರ ನಡುವೆ ಹುಟ್ಟುತ್ತ ಹೋಗುತ್ತಿತ್ತು. ಬಾಲ್ಯದಲ್ಲಿ ಅಣ್ಣ, ಅಕ್ಕ, ಅಮ್ಮನ ದನಿಗಳ ನಡುವೆ ತನ್ನ ಸ್ವರಕ್ಕೆ ಜಾಗ ಹುಡುಕಿ ಹಾಡಿದ ಹುಡುಗನಿಗೆ ಈ ಕಿವಿ ಹೊಸದೇನಲ್ಲ. ಸಂಗೀತ ಶಾಲೆಯಲ್ಲಿ ನಿಯಮ ಕಲಿತು ಬಂದ ಇನ್ನೊಬ್ಬ ಬೇಸ್ ವಾದಕರು ಅಲ್ಲಿ ಇದ್ದಿದ್ದರೆ ಕೋಲ್ಮನ್ ಅವರ ಸಂಗೀತ ಅಷ್ಟು ಸಹಜವಾಗಿ ನೆಲೆ ನಿಲ್ಲುತ್ತಿತ್ತೆ ಎಂಬ ಅನುಮಾನ ನನಗಿದೆ.

1959ರ ನವೆಂಬರಿನಲ್ಲಿ ಈ ನಾಲ್ವರು ನ್ಯೂಯಾರ್ಕಿನ ಫೈವ್ ಸ್ಪಾಟ್ ಕೆಫೆಗೆ ಬಂದರು. ಎರಡು ವಾರಕ್ಕೆಂದು ಬಂದವರು ಎರಡು ತಿಂಗಳು ದಾಟಿ ನುಡಿಸಿದರು. ಕೇಳಲು ಬಂದವರಲ್ಲಿ ಅರ್ಧ ಜನ ಇದು ಸಂಗೀತವೇ ಅಲ್ಲ ಎಂದು ಸಿಡಿದರು, ಉಳಿದವರು ಮರುದಿನವೂ ಬಂದರು. ಕಣ್ಣುಮುಚ್ಚಿ ನುಡಿಸುವುದು ಹೇಡನ್ ಅವರ ರೂಢಿ. ಒಂದು ರಾತ್ರಿ ಕಣ್ಣು ತೆರೆದರೆ ವಾದ್ಯದ ಮುಂದೆಯೇ ಯಾರೋ ಬಗ್ಗಿ, ಅದಕ್ಕೆ ಕಿವಿಯಾನಿಸಿ ಕೂತಿದ್ದಾರೆ. ನೋಡಿದರೆ ಲಿಯೊನಾರ್ಡ್ ಬರ್ನ್‌ಸ್ಟೈನ್, ಆಗಿನ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನ ನಿರ್ದೇಶಕರು! ಈ ಪ್ರಸಂಗವನ್ನು ಹೇಡನ್ ಕೊನೆಯವರೆಗೂ ಸಂಭ್ರಮದಿಂದ ಹೇಳುತ್ತಿದ್ದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಮುದ್ರಿಸಿದ ‘ರ್‍ಯಾಂಬ್ಲಿನ್’ ಎಂಬ ಕೃತಿಯಲ್ಲಿ ಹೇಡನ್ ಅವರ ತನಿ ಇದೆ. ಅವರ ಶೈಲಿಯ ಗುಟ್ಟೆಲ್ಲ ಅಲ್ಲಿಯೇ ಸಿಗುತ್ತದೆ. ಆ ಕಾಲದ ಅತ್ಯಂತ ಆಧುನಿಕ ಸಂಗೀತದ ನಡುವೆ ಅವರು ಇದ್ದಕ್ಕಿದ್ದಂತೆ ಬೇಸ್‌ನ ತಂತಿಗಳನ್ನು ಗಿಟಾರಿನ ಹಾಗೆ ಬಾರಿಸುತ್ತ ‘ಓಲ್ಡ್ ಜೋ ಕ್ಲಾರ್ಕ್’ ಎಂಬ ಹಳ್ಳಿಯ ಕುಣಿತದ ಹಾಡನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿ ಪಾಂಡಿತ್ಯ ತೋರಿಸುವ ಹಂಬಲವಿಲ್ಲ. ಬೇಸಾಯಗಾರರ ಮನೆಯಂಗಳದಲ್ಲಿ ಕೇಳಿದ್ದನ್ನು ಹಾಗೆಯೇ ತಂದು ಇಟ್ಟಿದ್ದಾರೆ, ಅದು ಅಲ್ಲಿ ಸರಿಯಾಗಿ ಕೂತಿದೆ. ಹದಿನೆಂಟು ವರ್ಷಗಳ ನಂತರ ಇಂಗ್ಲೆಂಡಿನ ರಾಕ್ ಗಾಯಕ ಇಯಾನ್ ಡ್ಯೂರಿ ಅದೇ ತನಿಯ ತುಣುಕಿನ ಮೇಲೆ ತಮ್ಮ ‘ಸೆಕ್ಸ್ ಅಂಡ್ ಡ್ರಗ್ಸ್ ಅಂಡ್ ರಾಕ್ ಅಂಡ್ ರೋಲ್’ ಹಾಡನ್ನು ಕಟ್ಟಿದರು. ಆ ಹಾಡಿಗೆ ತಲೆದೂಗುವ ಬಹುಪಾಲು ಜನರಿಗೆ ಮಿಸೌರಿಯ ಸುದ್ದಿಯೇ ಗೊತ್ತಿಲ್ಲ.

ಶೈಲಿಯ ಇನ್ನೊಂದು ಮುಖ ನೋಡಲು 1960ರ ಡಿಸೆಂಬರಿನ ‘ಫ್ರೀ ಜಾಝ್’ ಕೇಳಬೇಕು. ಎಂಟು ಜನ, ಇಬ್ಬಿಬ್ಬರು ಬೇಸ್ ಮತ್ತು ಡ್ರಮ್ಸ್ ವಾದಕರು, ಎಡ ಮತ್ತು ಬಲ ಸ್ಪೀಕರಿಗೆ ನಾಲ್ವರಂತೆ ಹಂಚಿಕೊಂಡು 37 ನಿಮಿಷ ಎಡೆಬಿಡದೆ ನುಡಿಸಿದ ಕೃತಿ ಅದು. ಹೆಡ್‌ಫೋನ್ ಹಾಕಿಕೊಂಡರೆ ಎಡಗಿವಿಯಲ್ಲಿ ಸ್ಕಾಟ್ ಲಫಾರೊ, ಬಲಗಿವಿಯಲ್ಲಿ ಹೇಡನ್. ಲಫಾರೊ ಮಿಂಚಿನ ವೇಗದಲ್ಲಿ ತಾರಸ್ಥಾಯಿಯವರೆಗೆ ಏರಿ ಇಳಿಯುತ್ತಾರೆ. ಬೇಸ್ ವಾದ್ಯದಿಂದ ಇಷ್ಟೆಲ್ಲ ಸಾಧ್ಯವೇ ಎಂದು ಬೆರಗಾಗುತ್ತದೆ. ಹೇಡನ್ ಮಂದ್ರದಲ್ಲೇ ನಿಂತು ಒಂದು ಸ್ವರವನ್ನು ಇಟ್ಟು, ಅದು ಪೂರ್ತಿ ಮೊಳಗಲು ಬಿಟ್ಟು, ಆಮೇಲೆ ಇನ್ನೊಂದಕ್ಕೆ ಹೋಗುತ್ತಾರೆ. ಇಬ್ಬರೂ ಆಪ್ತ ಗೆಳೆಯರು, ಒಂದೇ ಮನೆಯಲ್ಲಿ ಇದ್ದವರು. ಮರುವರ್ಷ ಜುಲೈನಲ್ಲಿ ಕಾರು ಅಪಘಾತದಲ್ಲಿ ಲಫಾರೊ ತೀರಿಕೊಂಡಾಗ ಅವರಿಗೆ 25 ವರ್ಷ. ಆಮೇಲೆ ಬಂದ ಬೇಸ್ ವಾದಕರಲ್ಲಿ ಹೆಚ್ಚಿನವರು ಲಫಾರೊ ಅವರ ವೇಗವನ್ನು ಬೆನ್ನಟ್ಟಿದರು. ಅದರಲ್ಲಿ ತಪ್ಪಿಲ್ಲ, ಆದರೆ ನನ್ನ ಕಿವಿ ಮತ್ತೆ ಮತ್ತೆ ಬಲಗಡೆಗೇ ವಾಲುತ್ತದೆ.

ಆ ನಾದ ಎಲ್ಲಿಂದ ಬಂತು? ವಾದ್ಯದ ಪಾಲೂ ಇದೆ. ಹೇಡನ್ ಅವರದು 19ನೇ ಶತಮಾನದ ಫ್ರಾನ್ಸಿನ ಹೆಸರಾಂತ ವಾದ್ಯಶಿಲ್ಪಿ ವಿಯೋಮ್ ಮಾಡಿದ ಬೇಸ್. ಎಲ್ಲರೂ ಉಕ್ಕಿನ ತಂತಿಗೆ ಹೊರಳಿದಾಗಲೂ ಅವರು ಮೇಲಿನ ತಂತಿಗಳಿಗೆ ಪ್ರಾಣಿಗಳ ಕರುಳಿನಿಂದ ಹೊಸೆದ ಹಳೆಯ ಬಗೆಯ ತಂತಿಯನ್ನೇ ಉಳಿಸಿಕೊಂಡರು. ಉಕ್ಕಿನ ತಂತಿ ಹೊಳೆಯುವ ದನಿ ಕೊಡುತ್ತದೆ, ವೇಗಕ್ಕೂ ಅನುಕೂಲ. ಕರುಳಿನದು ಮರದ ವಾಸನೆಯುಳ್ಳ, ಒಳಗಿನಿಂದ ಬರುವ ನಾದ. ಇನ್ನೊಂದು ಕಾರಣ ಬಿಡಿತಂತಿಗಳ ಬಳಕೆ. ಬೆರಳಿನಿಂದ ಒತ್ತದೆ ಬಿಟ್ಟ ತಂತಿಯ ಮೊಳಗನ್ನು ಅವರು ಆಧಾರ ಶ್ರುತಿಯಂತೆ ಹಿಡಿದು, ಪಕ್ಕದ ತಂತಿಯಲ್ಲಿ ಹಾಡಿಕೊಳ್ಳುತ್ತಿದ್ದರು. ತಂಬೂರಿಯ ಜೊತೆ ಬೆಳೆದ ನಮ್ಮ ಕಿವಿಗೆ ಹೇಡನ್ ಬೇಗ ಹತ್ತಿರವಾಗುವುದು ಇದಕ್ಕೇ. ಆಲಿಸ್ ಕೋಲ್ಟ್ರೇನ್ ಅವರ ‘ಜರ್ನಿ ಇನ್ ಸಚ್ಚಿದಾನಂದ’ ಆಲ್ಬಂನ ಕೊನೆಯ ಕೃತಿಯಲ್ಲಿ ಬೇಸ್ ನುಡಿಸಿದವರೂ ಹೇಡನ್ ಅವರೇ. 1976ರ ‘ಕ್ಲೋಸ್‌ನೆಸ್’ ಎಂಬ ತಮ್ಮ ಆಲ್ಬಂನಲ್ಲಿ ಆಲಿಸ್ ಅವರ ಹಾರ್ಪ್ ಜೊತೆ ಜೋಡಿಯಾಗಿ ನುಡಿಸಿದ ರಚನೆಗೆ ‘ಫಾರ್ ತುರೀಯ’ ಎಂದು ಹೆಸರಿಟ್ಟರು.

ಅರವತ್ತರ ದಶಕದ ಮೊದಲ ವರ್ಷಗಳನ್ನು ಹೆರಾಯಿನ್ ನುಂಗಿತು. ಕೋಲ್ಮನ್ ಅವರ ತಂಡ ಬಿಟ್ಟು, ಸಿನನಾನ್ ಎಂಬ ವ್ಯಸನಮುಕ್ತಿ ಕೇಂದ್ರ ಸೇರಿ, ಬಹಳ ಕಷ್ಟದಿಂದ ಅವರು ಮರಳಿ ಬಂದರು. ಮರಳಿ ಬಂದವರು ಪಿಯಾನೊ ವಾದಕ ಕೀತ್ ಜ್ಯಾರೆಟ್ ಅವರ ಮೊದಲ ತ್ರಯದಲ್ಲಿ, ಆಮೇಲೆ ಅವರ ನಾಲ್ವರ ತಂಡದಲ್ಲಿ ಸುಮಾರು ಹತ್ತು ವರ್ಷ ನುಡಿಸಿದರು.

ವಿಯೆಟ್ನಾಂ ಯುದ್ಧ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. 1969ರಲ್ಲಿ ಕಾರ್ಲಾ ಬ್ಲೇ ಅವರ ಸ್ವರಸಂಯೋಜನೆಯೊಂದಿಗೆ ‘ಲಿಬರೇಷನ್ ಮ್ಯೂಸಿಕ್ ಆರ್ಕೆಸ್ಟ್ರಾ’ ಕಟ್ಟಿದರು. ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರ ಹೋರಾಡಿದವರ ಹಾಡುಗಳು, ಚೆ ಗೆವಾರ ಅವರ ನೆನಪಿಗೆ ಹೇಡನ್ ರಚಿಸಿದ ‘ಸಾಂಗ್ ಫಾರ್ ಚೆ’ ಅದರಲ್ಲಿದ್ದವು. ಇನ್ನೊಂದು ರಚನೆ 1968ರ ಷಿಕಾಗೊ ಡೆಮಾಕ್ರಟಿಕ್ ಸಮಾವೇಶದ್ದು. ಅಲ್ಲಿ ಯುದ್ಧವಿರೋಧಿ ಪ್ರತಿನಿಧಿಗಳು ‘ವಿ ಶಲ್ ಓವರ್‌ಕಮ್’ ಹಾಡತೊಡಗಿದಾಗ ಸಭಾಂಗಣದ ವಾದ್ಯವೃಂದ ಗಟ್ಟಿಯಾಗಿ ನುಡಿಸಿ ಆ ದನಿಯನ್ನು ಅಡಗಿಸಿತ್ತು. ಹೇಡನ್ ತಮ್ಮ ಆರ್ಕೆಸ್ಟ್ರಾವನ್ನು ಎರಡು ಪಾಲು ಮಾಡಿ, ಒಂದರ ಮೇಲೆ ಒಂದು ನುಡಿಸುವಂತೆ ಮಾಡಿ ಆ ಗದ್ದಲವನ್ನೇ ಸಂಗೀತವಾಗಿಸಿದರು. ಮುಂದೆ 1983, 1990 ಮತ್ತು 2005ರಲ್ಲಿ ಈ ಆರ್ಕೆಸ್ಟ್ರಾದ ಆಲ್ಬಂಗಳು ಬಂದವು. ನಿಕ್ಸನ್, ರೇಗನ್, ತಂದೆ ಬುಷ್, ಮಗ ಬುಷ್: ಪ್ರತಿ ಆಲ್ಬಂಗೂ ಒಬ್ಬ ರಿಪಬ್ಲಿಕನ್ ಅಧ್ಯಕ್ಷರು!

1971ರ ನವೆಂಬರ್ 20ರಂದು ನಡೆದದ್ದು ಅವರ ಬದುಕಿನ ಅತ್ಯಂತ ಅಪಾಯದ ಘಟನೆ. ಅಷ್ಟರಲ್ಲಿ ಮತ್ತೆ ಸೇರಿಕೊಂಡಿದ್ದ ಕೋಲ್ಮನ್ ತಂಡದೊಂದಿಗೆ ಪೋರ್ಚುಗಲ್‌ನ ಕಶ್ಕಾಯಿಶ್ ಎಂಬ ಕಡಲತೀರದ ಊರಿನ ಜಾಝ್ ಉತ್ಸವಕ್ಕೆ ಹೋಗಿದ್ದರು. ಆ ದೇಶದಲ್ಲಿ ಆಗ ಸರ್ವಾಧಿಕಾರ. ಗೋವಾವನ್ನು 1961ರ ಡಿಸೆಂಬರಿನವರೆಗೆ ಬಿಡದೆ ಹಿಡಿದುಕೊಂಡಿದ್ದ, ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದ್ದ ಆಡಳಿತವೇ ಅದು. ಕಾರವಾರ, ಬೆಳಗಾವಿಯ ಹಿರಿಯರಿಗೆ ಅದರ ಪರಿಚಯ ಹೇಳಬೇಕಿಲ್ಲ. ಆಫ್ರಿಕದ ಅಂಗೋಲಾ, ಮೊಜಾಂಬಿಕ್, ಗಿನಿ-ಬಿಸ್ಸಾವುಗಳನ್ನು ಅದು ಇನ್ನೂ ಹಿಡಿದಿತ್ತು. ಅಂಥ ದೇಶದ ವೇದಿಕೆಯಲ್ಲಿ ಹೇಡನ್ ಮೈಕಿನ ಮುಂದೆ ಬಂದು, ಆ ಮೂರೂ ದೇಶಗಳ ಕಪ್ಪು ಜನರ ವಿಮೋಚನಾ ಹೋರಾಟಗಳಿಗೆ ‘ಸಾಂಗ್ ಫಾರ್ ಚೆ’ ಅರ್ಪಿಸುತ್ತಿರುವುದಾಗಿ ಹೇಳಿದರು. ಯುವಜನರಿಂದ ತುಂಬಿದ್ದ ಸಭೆ ಎದ್ದು ಕೂಗಿತು. ಮರುದಿನ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ರಹಸ್ಯ ಪೊಲೀಸರು ಅವರನ್ನು ಹಿಡಿದು ಒಯ್ದು ವಿಚಾರಣೆ ನಡೆಸಿದರು. ಅಮೆರಿಕದ ರಾಯಭಾರ ಕಚೇರಿಯವರು ಬಂದು ಬಿಡಿಸಬೇಕಾಯಿತು. ಆಗ ಅವರ ತ್ರಿವಳಿ ಹೆಣ್ಣುಮಕ್ಕಳು ಇನ್ನೂ ಹಸುಗೂಸುಗಳು. 1974ರ ಏಪ್ರಿಲ್ ಕ್ರಾಂತಿಯಲ್ಲಿ ಸರ್ವಾಧಿಕಾರ ಬಿದ್ದ ಮೇಲೆ ಹೇಡನ್ ಮತ್ತೆ ಪೋರ್ಚುಗಲ್‌ಗೆ ಹೋಗಿ ನುಡಿಸಿದರು. ‘ಕ್ಲೋಸ್‌ನೆಸ್’ನ ‘ಫಾರ್ ಎ ಫ್ರೀ ಪೋರ್ಚುಗಲ್’ ರಚನೆ ಆ ಘಟನೆಯಿಂದಲೇ ಹುಟ್ಟಿದ್ದು.

ಇಷ್ಟೆಲ್ಲ ರಾಜಕೀಯದ ನಡುವೆಯೂ ಅವರ ಸಂಗೀತ ಘೋಷಣೆಯಾಗಲಿಲ್ಲ. ‘ಸಾಂಗ್ ಫಾರ್ ಚೆ’ ಶುರುವಾಗುವುದು ಒಂಟಿ ಬೇಸ್‌ನಿಂದ, ಲಾಲಿಯಷ್ಟು ಮೆಲ್ಲಗೆ. ಕೋಪ ಬಂದಾಗಲೂ ಅವರ ಕೈ ಸುಂದರವಾದದ್ದನ್ನೇ ಹುಡುಕುತ್ತಿತ್ತು.

1986ರಲ್ಲಿ ಕಟ್ಟಿದ ‘ಕ್ವಾರ್ಟೆಟ್ ವೆಸ್ಟ್’ ಅವರ ಇನ್ನೊಂದು ಪ್ರೀತಿ. ರೇಮಂಡ್ ಚಾಂಡ್ಲರ್ ಅವರ ಪತ್ತೇದಾರಿ ಕಾದಂಬರಿಗಳ, ನಲವತ್ತರ ದಶಕದ ಕಪ್ಪು-ಬಿಳುಪು ಸಿನಿಮಾಗಳ ಲಾಸ್ ಏಂಜಲೀಸ್ ಇಲ್ಲಿ ಮತ್ತೆ ಜೀವ ತಳೆಯಿತು. 1992ರ ‘ಹಾಂಟೆಡ್ ಹಾರ್ಟ್’ನಲ್ಲಿ ತಂಡ ಒಂದು ಹಾಡನ್ನು ನುಡಿಸಿ ಮುಗಿಸುತ್ತಿದ್ದಂತೆ ಬಿಲ್ಲಿ ಹಾಲಿಡೇ, ಜೋ ಸ್ಟಾಫರ್ಡ್, ಜೆರಿ ಸದರ್ನ್ ಅವರ ಹಳೆಯ ಧ್ವನಿಮುದ್ರಿಕೆಗಳು ಕೇಳಿಬರುತ್ತವೆ. ಹಳೆಯದರ ಮೋಹವೆಂದು ಕೆಲವು ವಿಮರ್ಶಕರು ಮೂಗುಮುರಿದರು. ಫ್ರೀ ಜಾಝ್ ಕಟ್ಟಿದವರು ಹೀಗೆ ಮಾಡಬಹುದೇ ಎಂಬುದು ಅವರ ತಕರಾರು. ಹೇಡನ್ ಅವರಿಗೆ ಆ ಬೇಲಿಯೇ ಕಾಣುತ್ತಿರಲಿಲ್ಲ.

1982ರಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಜಾಝ್ ವಿಭಾಗ ಆರಂಭಿಸಿ ದಶಕಗಳ ಕಾಲ ಕಲಿಸಿದರು. ಒಳ್ಳೆಯ ಸಂಗೀತಗಾರರಾಗುವ ಮೊದಲು ಒಳ್ಳೆಯ ಮನುಷ್ಯರಾಗಲು ಯತ್ನಿಸಿ ಎಂಬುದು ಶಿಷ್ಯರಿಗೆ ಅವರು ಹೇಳುತ್ತಿದ್ದ ಮಾತು. ಕಿವಿಯ ತೊಂದರೆ ಅವರನ್ನು ಬಹಳ ಕಾಡಿತು. ಸದಾ ಗುಂಯ್‌ಗುಡುವ ಸದ್ದು, ಗಟ್ಟಿ ಸದ್ದನ್ನು ತಾಳಲಾಗದ ನೋವು. ಡ್ರಮ್ಸ್‌ಗೂ ತಮಗೂ ನಡುವೆ ಪಾರದರ್ಶಕ ಹಲಗೆ ನಿಲ್ಲಿಸಿಕೊಂಡು, ಕಿವಿಗೆ ಬಿರಡೆ ಹಾಕಿಕೊಂಡು ನುಡಿಸುತ್ತಿದ್ದರು. ಇಬ್ಬರೇ ಕೂತು ನುಡಿಸುವ ಕಛೇರಿಗಳಲ್ಲಿ ಅವರ ಹಿರಿಮೆ ತುಂಬ ಚೆನ್ನಾಗಿ ಕಾಣುತ್ತದೆ: ಪಿಯಾನೊದ ಹ್ಯಾಂಕ್ ಜೋನ್ಸ್ ಜೊತೆ ಚರ್ಚಿನ ಹಾಡುಗಳ ‘ಸ್ಟೀಲ್ ಅವೇ’, ಕೆನಿ ಬ್ಯಾರನ್ ಜೊತೆಗಿನ ‘ನೈಟ್ ಅಂಡ್ ದಿ ಸಿಟಿ’. ಮಿಸೌರಿಯವರೇ ಆದ ಗಿಟಾರ್ ವಾದಕ ಪ್ಯಾಟ್ ಮೆಥೀನಿ ಜೊತೆಗಿನ ‘ಬಿಯಾಂಡ್ ದ ಮಿಸೌರಿ ಸ್ಕೈ’ 1997ರಲ್ಲಿ ಬಂದು ಗ್ರ್ಯಾಮಿ ಪಡೆಯಿತು. ಹೇಡನ್ ಅವರನ್ನು ಮೊದಲ ಸಲ ಕೇಳುವವರಿಗೆ ನಾನು ಹೇಳುವುದು ಇದನ್ನೇ. ಮಗ ಜೋಶ್ ರಚಿಸಿದ ‘ಸ್ಪಿರಿಚುವಲ್’ ಅದರಲ್ಲಿದೆ, ಅಮ್ಮನಿಂದ ಕಲಿತ ಜನಪದ ಗೀತೆಯೂ ಇದೆ.

ಪೋಲಿಯೊ ಕಸಿದುಕೊಂಡ ಹಾಡು ಹಲವು ದಶಕಗಳ ಬಳಿಕ ಮರಳಿತು. 1999ರ ‘ದಿ ಆರ್ಟ್ ಆಫ್ ದ ಸಾಂಗ್’ನ ಕೊನೆಯಲ್ಲಿ ಅವರು ‘ವೇಫೇರಿಂಗ್ ಸ್ಟ್ರೇಂಜರ್’ ಹಾಡಿದ್ದಾರೆ. ದನಿ ನಡುಗುತ್ತದೆ, ಕೆಲವೆಡೆ ಸ್ವರ ಅಂಚಿನಲ್ಲಿ ನಿಲ್ಲುತ್ತದೆ, ಆದರೂ ಅದನ್ನು ತೆಗೆದು ಬೇರೆ ಯಾರಿಂದಲಾದರೂ ಹಾಡಿಸಬೇಕಿತ್ತು ಎಂದು ಒಮ್ಮೆಯೂ ಅನಿಸುವುದಿಲ್ಲ. 2008ರ ‘ರ್‍ಯಾಂಬ್ಲಿಂಗ್ ಬಾಯ್’ನಲ್ಲಿ ಮೂವರು ಹೆಣ್ಣುಮಕ್ಕಳು, ಮಗ, ಹೆಂಡತಿ ರೂತ್ ಕ್ಯಾಮರಾನ್ ಎಲ್ಲರನ್ನೂ ಕೂಡಿಸಿಕೊಂಡು ಬಾಲ್ಯದ ಕಂಟ್ರಿ ಹಾಡುಗಳಿಗೆ ಹೋದರು. 1939ರ ರೇಡಿಯೊ ಕಾರ್ಯಕ್ರಮದ ತುಣುಕನ್ನೂ ಅದರಲ್ಲಿ ಸೇರಿಸಿದರು. ಎರಡು ವರ್ಷದ ಕೌಬಾಯ್ ಚಾರ್ಲಿ ಅಲ್ಲಿ ಕಂಠ ತಿರುಗಿಸಿ ತಿರುಗಿಸಿ ಹಾಡುತ್ತಾನೆ.

ಕೊನೆಯ ವರ್ಷಗಳಲ್ಲಿ ಪೋಲಿಯೊ ಇನ್ನೊಂದು ರೂಪದಲ್ಲಿ ಮರಳಿ ಬಂತು. ಹಿಂದೆ ಅದರಿಂದ ಬದುಕುಳಿದವರ ನರ, ಸ್ನಾಯುಗಳು ವಯಸ್ಸಾದ ಮೇಲೆ ಮತ್ತೆ ಸೋಲುವ ಕಾಯಿಲೆ. ನುಂಗುವುದೇ ಕಷ್ಟವಾಯಿತು. 2007ರಲ್ಲಿ ಜ್ಯಾರೆಟ್ ಅವರ ಮನೆಯ ಸ್ಟುಡಿಯೊದಲ್ಲಿ, ಮೂವತ್ತು ವರ್ಷಗಳ ಅಂತರದ ಬಳಿಕ, ಇಬ್ಬರು ಗೆಳೆಯರು ಕೂತು ನುಡಿಸಿದ್ದು ‘ಜಾಸ್ಮಿನ್’, ‘ಲಾಸ್ಟ್ ಡ್ಯಾನ್ಸ್’ ಎಂಬ ಎರಡು ಆಲ್ಬಂಗಳಾಗಿ ಬಂತು. 2014ರ ಜುಲೈ 11ರಂದು ಲಾಸ್ ಏಂಜಲೀಸ್‌ನಲ್ಲಿ ಹೇಡನ್ ತೀರಿಕೊಂಡರು. ವಯಸ್ಸು 76.

ಆರ್ಕೆಸ್ಟ್ರಾ ನಿಲ್ಲಲಿಲ್ಲ. ಅವರು ಯೋಜಿಸಿದ್ದ, ಪರಿಸರಕ್ಕೆ ಸಂಬಂಧಿಸಿದ ಆಲ್ಬಂ ಅನ್ನು ಕಾರ್ಲಾ ಬ್ಲೇ ಮುಗಿಸಿ ‘ಟೈಮ್/ಲೈಫ್’ ಎಂದು 2016ರಲ್ಲಿ ಹೊರತಂದರು. ಐದು ರಚನೆಗಳಲ್ಲಿ ಮೊದಲನೆಯದೂ ಕೊನೆಯದೂ 2011ರಲ್ಲಿ ಬೆಲ್ಜಿಯಮ್‌ನ ವೇದಿಕೆಯಲ್ಲಿ ಹೇಡನ್ ನುಡಿಸಿದವು. ಕೊನೆಯದು ಅವರದೇ ‘ಸಾಂಗ್ ಫಾರ್ ದ ವೇಲ್ಸ್’. ಜೀವನವಿಡೀ ಬೆರಳಿನಿಂದ ಮೀಟಿದವರು ಅಲ್ಲಿ ಕಮಾನು ಹಿಡಿದು ತಿಮಿಂಗಿಲಗಳ ಕೂಗನ್ನು ಎಬ್ಬಿಸುತ್ತಾರೆ, ಹಿಂದಿನಿಂದ ಇಡೀ ಆರ್ಕೆಸ್ಟ್ರಾ ಎದ್ದು ಬರುತ್ತದೆ. ನಡುವಿನ ಮೂರು ರಚನೆಗಳಲ್ಲಿ ಬೇಸ್ ಹೊಣೆ ಹೊತ್ತವರು ಸ್ಟೀವ್ ಸ್ವಾಲೋ. ಹೇಡನ್ ಅವರ ನಾದವನ್ನು ಅನುಕರಿಸುವ ಗೋಜಿಗೆ ಅವರು ಹೋಗಿಲ್ಲ. ತಮ್ಮ ಬೇಸ್ ಗಿಟಾರಿನಲ್ಲಿ, ತಮ್ಮದೇ ರೀತಿಯಲ್ಲಿ, ಉಳಿದವರನ್ನು ಕೇಳುತ್ತ ನುಡಿಸಿದ್ದಾರೆ.